ಪಾಳಿ ತಪ್ಪಿ ಎಳೆದ ಹಗ್ಗ

ಚಿಯಾವ್ ಶಿಫು ಎಳೆದ ಹಳದಿ ಗೆರೆ ಬೋಲ್ಟಿನ ಮೇಲಿರಲಿಲ್ಲ, ಪಕ್ಕದ ಬರೀ ಕಬ್ಬಿಣದ ಮೇಲಿತ್ತು. ಗುಯಿಯಿಂಗ್ ಅದನ್ನು ಕಂಡಳು. ಬೇರೆ ಯಾರಾದರೂ ಕಂಡರೇನೋ ಎಂದು ಆಚೀಚೆ ಕಣ್ಣಾಡಿಸಿದಳು. ಆಮೇಲೆ ಬಟ್ಟೆಯ ಚೂರಿನಿಂದ ಗೆರೆ ಒರೆಸಿ, ಬೋಲ್ಟನ್ನು ತಾನೇ ಬಿಗಿ ಮಾಡಿ, ಹೊಸ ಗೆರೆ ಎಳೆದು ಮುಗಿಸಿದಳು. ಟ್ರ್ಯಾಕ್ಟರು ಏನೂ ಆಗಿಲ್ಲವೆಂಬಂತೆ ಜೋಡಣೆಯ ಲೈನಿನ ಮೇಲೆ ಮುಂದಕ್ಕೆ ಸರಿಯಿತು.

ಅದು ಚಳಿಗಾಲ ಶುರುವಾಗುವ ಹೊತ್ತಿನ ಮಾತು. ಒಂದು ಸಲದ ಕೈತಪ್ಪು ಎಂದುಕೊಂಡಿದ್ದಳು. ಆದರೆ ಮರುದಿನ ಇನ್ನೊಂದು ಸಿಕ್ಕಿತು, ಆ ವಾರ ಮತ್ತೂ ಕೆಲವು. ಸೊಂಗ್‌ಹುವಾ ನದಿ ಹೆಪ್ಪುಗಟ್ಟಿ ಅದರ ಮೇಲೆ ಲಾರಿಗಳು ಓಡಾಡತೊಡಗುವ ಹೊತ್ತಿಗೆ ಶಿಫು ಬಿಗಿ ಮಾಡಿದ ಸ್ಟೇರಿಂಗ್ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡುವುದು ಅವಳ ದಿನದ ಕೆಲಸವೇ ಆಗಿಹೋಯಿತು. ಅವಳ ಸ್ವಂತ ಕೆಲಸ ಪೆಡಲು ಜೋಡಿಸುವುದು. ಶಿಫು ನಿಲ್ಲುವ ಜಾಗದ ಮುಂದಿನ ಜಾಗ ಅವಳದು. ಬೋಲ್ಟು ಬೇಕಾದಷ್ಟು ಬಿಗಿಯಾದೊಡನೆ ‘ಕಟ್’ ಎನ್ನುವ ಉದ್ದ ಹಿಡಿಯ ಪಾನಾ ಒಂದು ಈ ಕಳ್ಳ ಕೆಲಸಕ್ಕೆ ಬೇಕಿತ್ತು. ಉಗ್ರಾಣದವನಿಗೆ ಹುರಿದ ಸೂರ್ಯಕಾಂತಿ ಬೀಜದ ಪೊಟ್ಟಣ ಕೊಟ್ಟು ಅದನ್ನೂ ಸಂಪಾದಿಸಿದಳು.

ಶಿಫು ಎಂದರೆ ಕಸುಬು ಕಲಿಸಿದ ಗುರು. ನಮ್ಮ ಕಡೆ, ಚೀನಾದ ಈ ಈಶಾನ್ಯ ಮೂಲೆಯಲ್ಲಿ, ಶಿಫುವಿಗೂ ತಂದೆಗೂ ಹೆಚ್ಚು ವ್ಯತ್ಯಾಸವಿಲ್ಲ. ತಂದೆಗೆ ಎದುರು ಮಾತಾಡಿದರೆ ಅವನು ಎರಡು ಬೈದು ಊಟಕ್ಕೆ ಕರೆಯುತ್ತಾನೆ, ಶಿಫುವಿಗೆ ಎದುರು ಮಾತಾಡಿದರೆ ಓಣಿಯವರೆಲ್ಲ ಮಾತು ಬಿಡುತ್ತಾರೆ, ಅಷ್ಟೆ. ಗುಯಿಯಿಂಗ್ ಎರಡು ಜಡೆ ಹಾಕಿಕೊಂಡು ಈ ಕಾರ್ಖಾನೆಗೆ ಕಾಲಿಟ್ಟಾಗ ಅವಳ ಕೈಗೆ ಪಾನಾ ಕೊಟ್ಟವರು ಚಿಯಾವ್ ಶಿಫು. “ಮೊದಲು ಬಿಗಿ, ಆಮೇಲೆ ಗೆರೆ. ಬಿಗಿ ಮಾಡದೆ ಗೆರೆ ಎಳೆದ್ರೆ ಅದು ಸುಳ್ಳು ಸಾಕ್ಷಿ ಹೇಳಿದ ಹಾಗೆ. ಗೆರೆ ಅಂದ್ರೆ ನಿನ್ನ ಮುಖ ಕಣೇ ಹುಡುಗಿ” ಎಂದು ಮೊದಲ ದಿನವೇ ಹೇಳಿದ್ದರು. ಈಗ ಅವಳ ಮಗನಿಗೇ ಮದುವೆಯಾಗಿದೆ. ಆದರೂ ಶಿಫು ಬಾಯಲ್ಲಿ ಅವಳು ಇನ್ನೂ ಹುಡುಗಿಯೇ.

ಆಗ ಅದು ಸರಕಾರಿ ಕಾರ್ಖಾನೆ. ಕೆಂಪು ಇಟ್ಟಿಗೆಯ ಗೋಡೆ, ಮುಂದೆ ದೊಡ್ಡ ಗೇಟು, ಒಳಗೆ ಇಡೀ ಊರಿನ ಅನ್ನ. ಆಮೇಲೆ ಒಂದು ಕಾಲ ಬಂತು, ಟ್ರ್ಯಾಕ್ಟರು ಕೊಳ್ಳುವವರಿಲ್ಲದೆ ಶೆಡ್ಡಿನೊಳಗೆ ಗುಬ್ಬಿಗಳು ಸಂಸಾರ ಹೂಡಿದವು, ಜನ ಹಿಂದಿನ ಚಿಕ್ಕ ಬಾಗಿಲಿನಿಂದ ಒಬ್ಬೊಬ್ಬರಾಗಿ ಮನೆಗೆ ಹೋದರು. ಅದೂ ಕಳೆದು ಡೆನ್ಮಾರ್ಕಿನವರು ಬಂದು ಅರ್ಧ ಪಾಲು ಹಿಡಿದರು. ಹೊಸ ಹೆಸರು, ಹೊಸ ಬಣ್ಣ, ಹೊಸ ಕಕ್ಕಸು. ಹಳೆಯವರಲ್ಲಿ ಕೈ ಚೊಕ್ಕವಾಗಿದ್ದ ಕೆಲವರನ್ನು ಹುಡುಕಿ ಕರೆತಂದರು. ಹಾಗೆ ಬಂದವರಲ್ಲಿ ಚಿಯಾವ್ ಶಿಫು ಮೊದಲಿಗರು. ಗುಯಿಯಿಂಗಳನ್ನೂ ಕರೆಯಿರಿ ಎಂದು ಹಟ ಹಿಡಿದವರೂ ಅವರೇ.

ಆ ಶಿಫುವಿಗೆ ಈ ವಸಂತದಲ್ಲಿ ಅರುವತ್ತು ತುಂಬುತ್ತಿತ್ತು. ನದಿಯ ಮಂಜುಗಡ್ಡೆ ಒಡೆದು, ಬಿತ್ತನೆಗೆ ಮೊದಲು ಟ್ರ್ಯಾಕ್ಟರುಗಳೆಲ್ಲ ಹೊಲಗಳಿಗೆ ಹೊರಟುಹೋದ ಮೇಲೆ ಅವರ ನಿವೃತ್ತಿ. ಅವರಿಗೆ ಇದ್ದದ್ದು ಒಂದೇ ಆಸೆ. ಎದೆಯ ಮೇಲೆ ಅಂಗೈಗಿಂತ ದೊಡ್ಡ ಕೆಂಪು ಕಾಗದದ ಹೂ, ಮುಂದೆ ಜಾಗಟೆ, ಹಿಂದೆ ಜೊತೆಯವರು, ಹೀಗೆ ದೊಡ್ಡ ಗೇಟಿನಿಂದ ನಡೆದು ಹೋಗಬೇಕು. ಅವರಿಗೆ ಕಸುಬು ಕಲಿಸಿದ ಶಿಫು ಹಾಗೆ ಹೋಗಿದ್ದರು. ಕಾರ್ಖಾನೆ ಮುಚ್ಚಿದಾಗ ಚಿಯಾವ್ ಶಿಫು ಮಾತ್ರ ಹಿಂದಿನ ಬಾಗಿಲಿನಿಂದ, ಚಹಾದ ಗಾಜಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೋಗಬೇಕಾಗಿತ್ತು. ಆ ಅವಮಾನ ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಇಷ್ಟೇ ಆಗಿದ್ದರೆ ಗುಯಿಯಿಂಗ್ ಬೋಲ್ಟು ಬಿಗಿ ಮಾಡುತ್ತಾ ವಸಂತದ ತನಕ ದೂಡಿಬಿಡುತ್ತಿದ್ದಳು. ಅಡ್ಡ ಬಂದದ್ದು ಹಗ್ಗ.

ಲೈನಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಳದಿ ಹಗ್ಗ ಕಟ್ಟಿದ್ದರು. ಕೆಲಸದಲ್ಲಿ ತಪ್ಪು ಕಂಡವರು ಯಾರೇ ಆಗಲಿ ಅದನ್ನು ಎಳೆಯಬೇಕು. ಎಳೆದರೆ ಲೈನು ನಿಲ್ಲುತ್ತದೆ, ಮಕ್ಕಳ ಆಟಿಕೆಯಂಥ ಒಂದು ರಾಗ ಕೇಳಿಸುತ್ತದೆ, ಎಳೆದ ಜಾಗದ ಕೆಂಪು ದೀಪ ಹತ್ತುತ್ತದೆ, ತಪ್ಪು ಬೇರೆ ಜಾಗದ್ದೆಂದು ಹೇಳಿದರೆ ದೀಪ ಅಲ್ಲಿಗೆ ಹೋಗುತ್ತದೆ. ಡೆನ್ಮಾರ್ಕಿನಿಂದ ಬಂದ ಮ್ಯಾನೇಜರ್ ಹೆನ್ನಿಂಗ್‌ಸನ್ ಅದನ್ನು ದೇವರ ಪ್ರಸಾದದಂತೆ ತಂದಿದ್ದ. ಆ ಹೆಸರು ಯಾರ ನಾಲಿಗೆಗೂ ಹೊರಳದೆ ಎಲ್ಲರೂ ಅವನನ್ನು ಲಾವ್ ಹಾನ್ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯನೇ. ಮೂಗು ಕೆಂಪಾಗುವ ಚಳಿಯಲ್ಲೂ ಸೈಕಲ್ ಮೇಲೆ ಬರುತ್ತಿದ್ದ, ಹುಳಿ ಎಲೆಕೋಸಿನ ಸಾರನ್ನು ಬಟ್ಟಲು ನೆಕ್ಕುವಂತೆ ತಿನ್ನುತ್ತಿದ್ದ. “ಹಗ್ಗ ಎಳೆದವರಿಗೆ ಬೈಗುಳ ಇಲ್ಲ, ದೀಪ ಹತ್ತಿದವರಿಗೂ ಬೈಗುಳ ಇಲ್ಲ” ಎಂದು ದುಭಾಷಿ ಹುಡುಗಿ ಶಿಯಾವ್ ತಾನ್ ಬಾಯಿಂದ ಹೇಳಿಸಿದ್ದ.

ಯಾರು ನಂಬಬೇಕು? ಎಲ್ಲರೆದುರು ದೀಪ ಹತ್ತಿಸುವುದೆಂದರೆ ಪಕ್ಕದವನ ಮುಖಕ್ಕೆ ಮಸಿ ಬಳಿದ ಹಾಗೆ. ಸಂಜೆ ಅವನ ಜೊತೆಯೇ ಬಸ್ಸಿನಲ್ಲಿ ಕೂರಬೇಕು, ಅವನ ಹೆಂಡತಿಯ ಜೊತೆಯೇ ನಲ್ಲಿಯ ಹತ್ತಿರ ನಿಲ್ಲಬೇಕು. ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಇಬ್ಬರು ಮುದುಕರಿಗೆ ದೀಪ ಹತ್ತಿದ ಮೇಲೆ ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಎಂದು ಹೇಳಿ ಕಳಿಸಿದರೆಂಬ ಸುದ್ದಿ ಬೇರೆ ಹಬ್ಬಿತ್ತು. ಅವರಿಗೆ ಹೂವೂ ಇಲ್ಲ, ಜಾಗಟೆಯೂ ಇಲ್ಲ. ಹೀಗಾಗಿ ಹಗ್ಗ ನೇತಾಡುತ್ತಲೇ ಇತ್ತು.

ಲಾವ್ ಹಾನ್ ಮುಖ ಸಣ್ಣ ಮಾಡಿಕೊಂಡ. “ಯಾರೂ ಎಳೆಯದ ಹಗ್ಗ ಅಂದರೆ ನನಗೆ ಯಾರೂ ನಿಜ ಹೇಳ್ತಿಲ್ಲ ಅಂತ ಅರ್ಥ” ಎಂದು ಸಭೆ ಕರೆದು ಅಲವತ್ತುಕೊಂಡ. ವಿಭಾಗದ ಮುಖ್ಯಸ್ಥ ತೊಂಗ್ ಅದನ್ನು ಕೇಳಿಸಿಕೊಂಡು ಜವಾಬ್ದಾರಿ ತಲೆಯ ಮೇಲೆ ಹೊತ್ತುಕೊಂಡ. ಮೇಲಿನವರು ಏನು ಕೇಳಿದರೂ ಅದನ್ನು ಹೇಗಾದರೂ ಪೂರೈಸಿ ಕೊಡುವ ಕುಲದವನು ಅವನು. ಮರುದಿನವೇ ಪಾಳಿ ಗೊತ್ತುಮಾಡಿದ. ಸೋಮವಾರ ಚಕ್ರದವರು ಎಳೆಯಬೇಕು, ಮಂಗಳವಾರ ಪೆಡಲಿನವರು, ಶುಕ್ರವಾರ ಸ್ಟೇರಿಂಗಿನವರು. ಎಳೆಯುವವರು ತಮ್ಮ ಜಾಗದ ದೀಪವನ್ನೇ ಹತ್ತಿಸಿಕೊಳ್ಳಬೇಕು, ತಪ್ಪೂ ಸಣ್ಣದಿರಬೇಕು. ಮೆಟ್ಟಿಲ ಮೇಲೆ ಧೂಳು, ಸೀಟಿನ ಮೇಲೆ ಬೆರಳಿನ ಗುರುತು, ಅಂಥದ್ದು. ಯಾರಿಗೂ ನೋವಿಲ್ಲ, ಎಲ್ಲರಿಗೂ ಸಮಪಾಲು. ದಿನಾ ಬೆಳಿಗ್ಗೆ ಚಹಾದ ನಂತರ ರಾಗ ಮೊಳಗುತ್ತಿತ್ತು, ಲಾವ್ ಹಾನ್ ಓಡಿ ಬಂದು ಎಳೆದವರ ಕೈ ಕುಲುಕುತ್ತಿದ್ದ, ಅವನ ಮುಖದ ಸಂತೋಷ ನೋಡಿ ಲೈನಿನವರು ತಲೆ ತಗ್ಗಿಸಿ ನಗು ನುಂಗುತ್ತಿದ್ದರು.

“ಪಾಪ, ಮಗುವಿಗೆ ಗಿಲಕಿ ಕೊಟ್ಟ ಹಾಗಾಯ್ತು” ಎಂದು ಚಿಯಾವ್ ಶಿಫು ಮಾತ್ರ ಗೊಣಗಿದ್ದರು. “ನನ್ನ ಪಾಳಿ ಬಂದಾಗ ನಾನೂ ಎಳೀತೀನಿ ಬಿಡು. ಆದ್ರೆ ನಾಚಿಕೆ ಆಗುತ್ತೆ.”

ಒಂದು ಭಾನುವಾರ ಶಿಫು ಮನೆಯಲ್ಲಿ ಕಡುಬು ಮಾಡುವುದಿತ್ತು. ಗುಯಿಯಿಂಗ್ ಹೋಗಿ ಗುರುಪತ್ನಿಯ ಜೊತೆ ಕೂತು ಹಿಟ್ಟು ಲಟ್ಟಿಸಿದಳು. ಹೊರಗೆ ಕಿಟಕಿಯ ಗಾಜಿನ ಮೇಲೆ ಮಂಜು ಹೂಬಿಟ್ಟಿತ್ತು. ಶಿಫು ಬಟ್ಟಲಿಗೆ ಸೋಯಾ ರಸ ಸುರಿದುಕೊಂಡು ಅದ್ದಿ ತಿಂದು, “ಈ ಸಲದ ವಿನೆಗರು ಹುಳಿಯೇ ಇಲ್ಲ” ಎಂದರು. ವಿನೆಗರಿನ ಬಾಟಲಿ ಅದರ ಪಕ್ಕದಲ್ಲೇ ಇತ್ತು. ಗುರುಪತ್ನಿ ಗುಯಿಯಿಂಗಳ ಮುಖ ನೋಡಿದರು, ಅಡುಗೆಮನೆಗೆ ಬಂದ ಮೇಲೆ ದನಿ ತಗ್ಗಿಸಿದರು.

“ಎರಡೂ ಕಣ್ಣಿಗೆ ಪೊರೆ ಬಂದಿದೆ ಕಣಮ್ಮ. ಆಸ್ಪತ್ರೆಗೆ ಹೋಗೋಣ ಅಂದ್ರೆ ಆ ಹೂ ಹಾಕಿಸ್ಕೊಂಡ ಮೇಲೆ ಅಂತಾರೆ. ಕಾರ್ಖಾನೆಗೆ ಗೊತ್ತಾದ್ರೆ ಕಳಿಸಿಬಿಡ್ತಾರಂತೆ. ನೀನಿದ್ದೀಯಲ್ಲ ಪಕ್ಕದಲ್ಲಿ, ಸ್ವಲ್ಪ ನೋಡ್ಕೋ.”

“ನೋಡ್ಕೊಳ್ತಿದ್ದೀನಿ, ಗುರುಪತ್ನಿ.”

ಹೊರಡುವಾಗ ಗುಯಿಯಿಂಗ್ ಧೈರ್ಯ ಮಾಡಿ, “ಶಿಫು, ನನಗೆ ಪೆಡಲು ಬೇಜಾರಾಗಿದೆ. ಒಂದೆರಡು ತಿಂಗಳು ಜಾಗ ಬದಲಾಯಿಸ್ಕೊಳ್ಳೋಣವಾ?” ಎಂದಳು.

“ನನ್ನ ಜಾಗದಲ್ಲಿ ಏನು ಕಡಿಮೆಯಾಗಿದೆ ಅಂತ?” ಶಿಫು ಮುಖ ಗಂಟಿಕ್ಕಿದರು.

“ಕಡಿಮೆ ಏನಿಲ್ಲ ಶಿಫು, ಸುಮ್ನೆ ಕೇಳಿದೆ.”

“ಸುಮ್ನೆ ಕೇಳೋಳಲ್ಲ ನೀನು. ಹೋಗು, ಚಳಿ ಜಾಸ್ತಿಯಾಗುತ್ತೆ, ಕಿವಿ ಮುಚ್ಕೊಂಡು ಹೋಗು.”

ಅವಳು ಕಿವಿ ಮುಚ್ಚಿಕೊಂಡು ಬಂದಳು. ಮರುದಿನದಿಂದ ಮತ್ತೆ ಅದೇ ಬಟ್ಟೆ ಚೂರು, ಅದೇ ಪಾನಾ. ಅವಳಿಗೂ ಹೆದರಿಕೆ ಇಲ್ಲದಿರಲಿಲ್ಲ. ಸ್ಟೇರಿಂಗಿನ ಬೋಲ್ಟು ಸಡಿಲವಾಗಿ ಹೊರಗೆ ಹೋದರೆ ಎಲ್ಲೋ ಹೊಲದ ಏರಿಯ ಮೇಲೆ ಟ್ರ್ಯಾಕ್ಟರು ಯಾವನನ್ನೋ ಹೊತ್ತುಕೊಂಡು ಉರುಳುತ್ತದೆ. ಆದರೆ ತಾನು ಇರುವ ತನಕ ಒಂದೂ ಹಾಗೆ ಹೋಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಚಳಿಗಾಲವಿಡೀ ರಜೆ ಹಾಕಲಿಲ್ಲ. ಜ್ವರ ಬಂದ ದಿನವೂ ಹೋದಳು.

ನದಿಯ ಮಂಜುಗಡ್ಡೆ ಬಿರುಕು ಬಿಟ್ಟು ಇಡೀ ಊರಿಗೆ ಕೇಳುವಂತೆ ಸದ್ದು ಮಾಡುವ ವಾರ ಡೆನ್ಮಾರ್ಕಿನಿಂದ ದೊಡ್ಡವರು ಬಂದರು. ಅವರಿಗೆ ಹಗ್ಗ ತೋರಿಸಬೇಕೆಂದು ಲಾವ್ ಹಾನ್‌ಗೆ ಎಲ್ಲಿಲ್ಲದ ಹುಮ್ಮಸ್ಸು. ಅವರು ಬರುವ ದಿನ ಮಂಗಳವಾರ, ಅಂದರೆ ಪೆಡಲಿನವರ ಪಾಳಿ. ತೊಂಗ್ ಬೆಳಿಗ್ಗೆಯೇ ಬೆವರುತ್ತ ಬಂದ.

“ಗುಯಿಯಿಂಗ್ ಅಕ್ಕ, ಬಾ ಈ ಕಡೆ. ಎಲ್ಲಿ ನಿಲ್ಲಬೇಕು, ಹೇಗೆ ಎಳೀಬೇಕು ಅಂತ ಒಂದು ಸಲ ಮಾಡಿ ನೋಡೋಣ.”

“ಹಗ್ಗ ಎಳೆಯೋಕೂ ಅಭ್ಯಾಸ ಬೇಕಾ ಸಾಹೇಬ್ರೇ? ದನ ಕಟ್ಟಿ ಗೊತ್ತು ನನಗೆ.”

“ತಮಾಷೆ ಬೇಡಕ್ಕ. ಎಳೆದು ನಗಬಾರದು. ಮೆಟ್ಟಿಲ ಮೇಲೆ ಧೂಳು ಅಂತ ಹೇಳ್ಬೇಕು. ಧೂಳು ನಾನೇ ಹಾಕಿಸ್ತೀನಿ.”

ಅವಳ ಜಾಗದಲ್ಲಿ ಚಕ್ರದವನೊಬ್ಬನನ್ನು ನಿಲ್ಲಿಸಿ ತೊಂಗ್ ಅವಳನ್ನು ಕರೆದೊಯ್ದ. ಎರಡೆರಡು ಸಲ ಧೂಳು ಅನ್ನಿಸಿದ. ಅವಳು ತಿರುಗಿ ಬರುವಷ್ಟರಲ್ಲಿ ಒಂದು ಟ್ರ್ಯಾಕ್ಟರು ಅವಳ ಜಾಗ ದಾಟಿ ಹೋಗಿತ್ತು. ಚಕ್ರದವನು ಪೆಡಲನ್ನೇನೋ ಸರಿಯಾಗಿ ಜೋಡಿಸಿದ್ದ, ಬೋಲ್ಟಿನ ಗೊಡವೆ ಅವನಿಗೆ ಯಾಕೆ? ಗುಯಿಯಿಂಗ್ ತನ್ನ ಮುಂದೆ ಬಂದು ನಿಂತ ಟ್ರ್ಯಾಕ್ಟರಿನ ಸ್ಟೇರಿಂಗಿನ ಕೆಳಗೆ ಕೈ ಹಾಕಿದಳು. ಬೋಲ್ಟು ಬೆರಳಿಗೇ ತಿರುಗಿತು. ಅದರ ಮೇಲೆ ಹಳದಿ ಗೆರೆ ಇತ್ತು.

ಇದನ್ನು ಬಿಗಿ ಮಾಡಿದಳು. ಆದರೆ ದಾಟಿ ಹೋದದ್ದರ ಗತಿ? ಅದು ಲೈನಿನ ತುದಿಗೆ ಸೇರಿಯಾಗಿತ್ತು. ಅದರ ಮೂತಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ದೊಡ್ಡವರಲ್ಲಿ ಒಬ್ಬರು ಅದನ್ನು ತಾವೇ ಓಡಿಸಿ ಹೊರಗೆ ತರುವುದೆಂದು ಮೊದಲೇ ಗೊತ್ತಾಗಿತ್ತು.

ಒಂದು ದಾರಿ ಹೊಳೆಯಿತು. ಹೇಗೂ ತನ್ನ ಪಾಳಿ. ಹಗ್ಗ ಎಳೆದರೆ ಲೈನು ನಿಲ್ಲುತ್ತದೆ, ಜನ ಧೂಳು ನೋಡುತ್ತ ನಿಲ್ಲುತ್ತಾರೆ. ಅಷ್ಟರಲ್ಲಿ ತುದಿಗೆ ಓಡಿ ನಾಲ್ಕು ಬೋಲ್ಟು ಬಿಗಿ ಮಾಡಿ ಬಂದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ, ಶಿಫು ಹೂವೂ ಉಳಿಯುತ್ತದೆ. ದೊಡ್ಡವರು ಕಣ್ಣಿಗೆ ಕಂಡೊಡನೆ ಅವಳು ಹಗ್ಗ ಎಳೆದಳು.

ರಾಗ ಮೊಳಗಿತು, ಲೈನು ನಿಂತಿತು. ಗುಯಿಯಿಂಗ್ ಪಾನಾವನ್ನು ತೋಳಿನೊಳಗೆ ಅಡಗಿಸಿ ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಅವರೆಲ್ಲ ಬಂದು ಸುತ್ತುವರಿದರು. ಉದ್ದನೆಯ ಬಿಳಿ ಮುಖಗಳು, ಕ್ಯಾಮೆರಾಗಳು.

“ಏನು ತಪ್ಪು ಕಂಡಿತು ಅಂತ ಕೇಳ್ತಿದ್ದಾರೆ, ಅಕ್ಕ” ಎಂದಳು ಶಿಯಾವ್ ತಾನ್.

ತೊಂಗ್ ದೊಡ್ಡವರ ಬೆನ್ನ ಹಿಂದಿನಿಂದ ತುಟಿ ಆಡಿಸಿ ಧೂಳು, ಧೂಳು ಎಂದು ತೋರಿಸುತ್ತಿದ್ದ. ಎರಡು ಮಾರು ಆಚೆ ಚಿಯಾವ್ ಶಿಫು ಪಾನಾ ಹಿಡಿದು ನಿಂತಿದ್ದರು, ಅವಳ ಕಡೆಗೇ ಮುಖ ತಿರುಗಿಸಿಕೊಂಡು.

“ಧೂಳು” ಎಂದಳು ಗುಯಿಯಿಂಗ್. “ಮೆಟ್ಟಿಲ ಮೇಲೆ.”

ದೊಡ್ಡವರು ಚಪ್ಪಾಳೆ ತಟ್ಟಿದರು. ಅವಳ ಕೈ ಹಿಡಿದ ಒಬ್ಬರು ಬಿಡಲೇ ಇಲ್ಲ, ಫೋಟೋ ತೆಗೆಯುವವನು ಇನ್ನೊಂದು, ಇನ್ನೊಂದು ಎನ್ನುತ್ತಲೇ ಇದ್ದ. ಅವಳು ತುದಿಯ ಕಡೆ ಕಣ್ಣು ಹಾಯಿಸಿದಳು. ಲೈನು ಮತ್ತೆ ಹೊರಟಿತು. ತುದಿಯಲ್ಲಿ ಹೊಟ್ಟೆ ದೊಡ್ಡದಿದ್ದ ಒಬ್ಬರು ನಗುತ್ತ ಟ್ರ್ಯಾಕ್ಟರು ಹತ್ತಿ ಕೂತರು, ಇಂಜಿನು ಗುಡುಗಿತು. ಗುಯಿಯಿಂಗಳ ಕೈ ಹಗ್ಗದ ಕಡೆ ಮೇಲಕ್ಕೆ ಹೋಯಿತು. ಅಲ್ಲೇ ನಿಂತಿತು. ಈಗ ಎಳೆದರೆ ಧೂಳು ಎನ್ನಲು ಬರುವುದಿಲ್ಲ. ಈಗ ಎಳೆದರೆ ಹತ್ತುವುದು ಶಿಫು ದೀಪ, ಇಡೀ ಶೆಡ್ಡಿನ ಎದುರು, ಅವಳ ಕೈಯಿಂದಲೇ.

ಆಗ ರಾಗ ಮೊಳಗಿತು.

ಅವಳು ಎಳೆದಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಚಿಯಾವ್ ಶಿಫು ಒಂದು ಕೈ ಮೇಲೆತ್ತಿ ಹಗ್ಗ ಹಿಡಿದು ನಿಂತಿದ್ದರು. ಅವರ ತಲೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

“ಆ ಇಂಜಿನು ಆರಿಸ್ರಿ” ಎಂದರು ಶಿಫು. ದನಿಯಲ್ಲಿ ಅವಸರವೇನೂ ಇರಲಿಲ್ಲ. “ಅದರ ಸ್ಟೇರಿಂಗ್ ಬೋಲ್ಟು ಬಿಗಿಯಾಗಿಲ್ಲ. ನಾನೇ ಮಾಡಿದ್ದು. ನನಗೆ ಕಣ್ಣು ಕಾಣಲ್ಲ.”

ತೊಂಗ್‌ಗೆ ತಲೆ ಕೆಟ್ಟಿತು. ಬಾಯಿಗೆ ಬಂದದ್ದನ್ನು ಕೂಗಿಬಿಟ್ಟ:

“ಶಿಫು! ಇವತ್ತು ನಿಮ್ಮ ಪಾಳಿ ಅಲ್ಲ! ನಿಮ್ಮದು ಶುಕ್ರವಾರ!”

ಶಿಯಾವ್ ತಾನ್ ಬೆಳಗಿನಿಂದ ಕೇಳಿದ್ದನ್ನೆಲ್ಲ ಡೆನ್ಮಾರ್ಕಿನವರ ಭಾಷೆಗೆ ತಿರುಗಿಸಿ ತಿರುಗಿಸಿ ಯಂತ್ರದಂತಾಗಿದ್ದಳು. ಅದನ್ನೂ ತಿರುಗಿಸಿ ಹೇಳಿಬಿಟ್ಟು, ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಲಾವ್ ಹಾನ್ ತೊಂಗ್‌ನನ್ನು ನೋಡಿದ, ಹಗ್ಗವನ್ನು ನೋಡಿದ, ದಿನಾ ತಾನು ಕುಲುಕಿದ ಕೈಗಳ ಸಾಲನ್ನು ನೋಡಿದ. ಕಿವಿಯ ತುದಿಯ ತನಕ ಕೆಂಪಾದ. ಪಾಪ, ಆ ಹೊತ್ತು ಅವನನ್ನು ನೋಡಲಾಗುತ್ತಿರಲಿಲ್ಲ. ಆದರೆ ನಮ್ಮೂರಲ್ಲಿ ಅಷ್ಟು ಚಳಿಗಾಲ ಕಳೆದವನು ಸ್ವಲ್ಪವಾದರೂ ಕಲಿತಿದ್ದ. ಹೊರಗಿನವರ ಎದುರು ತೊಂಗ್‌ನನ್ನು ಒಂದು ಮಾತೂ ಕೇಳಲಿಲ್ಲ. ನೆಟ್ಟಗೆ ತುದಿಗೆ ಹೋಗಿ, ಇಂಜಿನು ಆರಿಸಿ, ಕೋಟು ಕೊಳೆಯಾಗುವುದನ್ನೂ ನೋಡದೆ ಟ್ರ್ಯಾಕ್ಟರಿನ ಕೆಳಗೆ ನುಗ್ಗಿದ. ಹೊರಗೆ ಬಂದಾಗ ಅವನ ಎರಡು ಬೆರಳುಗಳ ನಡುವೆ ಒಂದು ಬೋಲ್ಟು ಇತ್ತು. ಪಾನಾ ಇಲ್ಲದೆ ಬಿಚ್ಚಿ ತಂದಿದ್ದ.

“ಕಣ್ಣು ಕಾಣದಿದ್ದರೆ ಇದು ಸಡಿಲ ಅಂತ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ದಾರೆ, ಶಿಫು” ಎಂದಳು ಶಿಯಾವ್ ತಾನ್, ಈ ಸಲ ಮೆಲ್ಲಗೆ.

“ಕಣ್ಣು ಹೋಗಿದೆ, ಕಿವಿ ಹೋಗಿಲ್ಲ” ಎಂದರು ಶಿಫು. “ಪೆಡಲು ಜೋಡಿಸೋಳ ಕೈಯಲ್ಲಿ ಆ ಪಾನಾಗೆ ಏನು ಕೆಲಸ? ಚಳಿಗಾಲವಿಡೀ ನನ್ನ ಬೆನ್ನ ಹಿಂದೆ ಕಟ್, ಕಟ್ ಅಂತಿತ್ತು. ಇವತ್ತು ಬೆಳಿಗ್ಗೆ ಒಂದು ಟ್ರ್ಯಾಕ್ಟರಿಗೆ ಅನ್ನಲಿಲ್ಲ. ಈ ಹುಡುಗಿ ಬಂದು ಹೇಳ್ತಾಳೆ ಅಂತ ಕಾದೆ.”

ಗುಯಿಯಿಂಗಳಿಗೆ ನಿಂತ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಅವರಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು.

ಊಟದ ಹೊತ್ತಿಗೆ ಇಬ್ಬರೂ ಶೆಡ್ಡಿನ ಹಿಂದಿನ ಬೆಂಚಿನ ಮೇಲೆ, ಬಿಸಿನೀರಿನ ಕೊಳವೆಗೆ ಬೆನ್ನು ಕೊಟ್ಟು ಕೂತರು. ಶಿಫು ಗಾಜಿನ ಡಬ್ಬಿಯ ಮುಚ್ಚಳ ತೆಗೆದು ಚಹಾ ಊದಿದರು. ನದಿಯ ಕಡೆಯಿಂದ ಮಂಜುಗಡ್ಡೆಯ ಚಪ್ಪಡಿಗಳು ಒಂದಕ್ಕೊಂದು ಬಡಿಯುವ ಸದ್ದು ಬರುತ್ತಿತ್ತು.

“ಧೂಳು ಅಂದ್ಯಲ್ಲೇ” ಎಂದರು ಶಿಫು.

ಗುಯಿಯಿಂಗಳಿಗೆ ಅಳು ಒತ್ತರಿಸಿ ಬಂತು. “ಮತ್ತೇನು ಮಾಡಲಿ? ನಿಮ್ಮ ತಲೆ ಮೇಲೆ ನನ್ನ ಕೈಯಿಂದ ಹೇಗೆ ದೀಪ ಹಚ್ಚಲಿ ಶಿಫು? ನೀವು ನನಗೆ ಕಸುಬು ಕೊಟ್ಟವರು.”

“ಅದನ್ನೇ ನಾನು ತಪ್ಪು ಕಲಿಸಿದ್ದು. ಗೆರೆ ನಿನ್ನ ಮುಖ ಅಂದೆ. ಅದರ ಕೆಳಗಿರೋ ಬೋಲ್ಟು ಇನ್ನೊಬ್ಬನ ಜೀವ ಅಂತ ಹೇಳೋಕೆ ಮರೆತೆ.” ಅವರು ಒಂದು ಗುಟುಕು ಚಹಾ ಕುಡಿದರು. “ನಿನ್ನ ಮೇಲೆ ಹಾಕಿ ನಾನು ಜಾರಿಕೊಳ್ಳಲ್ಲ ಬಿಡು. ದಿನಾ ಆ ಕಟ್ ಕೇಳಿಸ್ಕೊಂಡು, ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಒಂದು ಕಾಗದದ ಹೂವಿನ ಆಸೆ ನೋಡು. ಮುದುಕನಾದ್ರೂ ಬುದ್ಧಿ ಬರಲಿಲ್ಲ.”

“ಹೂವು ಕೇಳೋದು ತಪ್ಪಾ ಶಿಫು?”

“ಕೇಳೋದು ತಪ್ಪಲ್ಲ. ಇನ್ನು ಅದರ ಮಾತು ಬೇಡ. ಊಟ ಮಾಡು, ತಣ್ಣಗಾಗುತ್ತೆ.”

ಶಿಫು ಮತ್ತೆ ಲೈನಿಗೆ ಬರಲಿಲ್ಲ. ಲಾವ್ ಹಾನ್ ತನ್ನ ಕಾರನ್ನೇ ಕೊಟ್ಟು ಅವರನ್ನು ಕಣ್ಣಿನ ಆಸ್ಪತ್ರೆಗೆ ಕಳಿಸಿದ. ಪಾಳಿ ನಿಂತಿತು. ಅದರೊಂದಿಗೆ ಹಗ್ಗದ ರಾಗವೂ ನಿಂತಿತು. ಈಗ ನಿಜವಾಗಿ ಎಳೆಯಬೇಕಲ್ಲ, ಯಾರು ಎಳೆಯುತ್ತಾರೆ? ಎಲ್ಲರ ಕಣ್ಣೂ ಖಾಲಿ ಬಿದ್ದ ಸ್ಟೇರಿಂಗಿನ ಜಾಗದ ಕಡೆ ಹೋಗುತ್ತಿತ್ತು. ದೀಪ ಹತ್ತಿದ ಮೇಲೆ ಮನುಷ್ಯ ಇರುವುದಿಲ್ಲ ಎಂಬುದೇ ಅವರಿಗೆ ತಿಳಿದದ್ದು. ಲಾವ್ ಹಾನ್ ಹಗ್ಗದ ಕೆಳಗೆ ನಡೆದು ಹೋಗುವಾಗ ಅದನ್ನು ನೋಡುವುದನ್ನೂ ಬಿಟ್ಟ.

ಗುಯಿಯಿಂಗ್ ತೊಂಗ್ ಹತ್ತಿರ ಹೋಗಿ ಹೂವಿನ ವಿಷಯ ಎತ್ತಿದಳು.

“ಅಕ್ಕ, ನೀನೇ ಹೇಳು. ಹೊರಗಿನವರ ಎದುರು ಅಷ್ಟೆಲ್ಲ ಆದ ಮೇಲೆ ನಾನು ಯಾವ ಬಾಯಲ್ಲಿ ಮೇಲಿನವರನ್ನ ಕೇಳಲಿ? ನನ್ನ ಕುರ್ಚಿಯೇ ಅಲ್ಲಾಡ್ತಿದೆ.”

“ಕೇಳ್ಬೇಡಿ. ಜಾಗಟೆ ಎಲ್ಲಿಟ್ಟಿದ್ದೀರಿ ಅಷ್ಟು ಹೇಳಿ.”

ತೊಂಗ್ ಹೇಳಲಿಲ್ಲ. ಅವಳು ಪೇಟೆಯಿಂದ ಕೆಂಪು ಕಾಗದ ತಂದು ರಾತ್ರಿ ಊಟವಾದ ಮೇಲೆ ತಾನೇ ಮಡಿಚಿ, ಕತ್ತರಿಸಿ, ದಾರ ಕಟ್ಟಿ ಹೂ ಮಾಡಿದಳು. ಪಾನಾ ಹಿಡಿದ ಕೈಗೆ ಕಾಗದ ಒಗ್ಗಲಿಲ್ಲ. ಹೂ ಎಲೆಕೋಸಿನ ಹಾಗಾಯಿತು. ಆದರೂ ದೊಡ್ಡದಾಗಿತ್ತು.

ಚಿಯಾವ್ ಶಿಫು ತಮ್ಮ ಪೆಟ್ಟಿಗೆಯ ಕೀಲಿ ಒಪ್ಪಿಸಲು ಬಂದ ದಿನ ನದಿ ಪೂರ್ತಿ ಬಿಟ್ಟುಕೊಂಡು ಹರಿಯುತ್ತಿತ್ತು. ಪೊರೆ ತೆಗೆಸಿಕೊಂಡ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು ಬಂದಿದ್ದರು. ಲೈನು ಓಡುತ್ತಿತ್ತು. ಯಾರೂ ಕೆಲಸ ಬಿಡುವ ಹಾಗಿರಲಿಲ್ಲ. ಅವರು ಪಕ್ಕದಲ್ಲಿ ಹಾದು ಹೋಗುವಾಗ ಒಬ್ಬೊಬ್ಬರೂ “ಶಿಫು, ಬಂದ್ರಾ”, “ಶಿಫು, ಕಣ್ಣು ಹೇಗಿದೆ” ಎಂದು ಕೇಳಿ ಮತ್ತೆ ಬೋಲ್ಟಿಗೆ ಬಗ್ಗುತ್ತಿದ್ದರು. ಗುಯಿಯಿಂಗ್ ಈಗ ಸ್ಟೇರಿಂಗಿನ ಜಾಗದಲ್ಲಿದ್ದಳು. ಹೂ ಅವಳ ಕಾಲ ಬಳಿಯ ಚೀಲದಲ್ಲಿತ್ತು, ಹೊರಗೆ ತೆಗೆಯುವ ಹೊತ್ತೇ ಸಿಗದೆ ಅವಳು ಚಡಪಡಿಸುತ್ತಿದ್ದಳು.

ಶಿಫು ಅವಳ ಪಕ್ಕ ಬಂದು ನಿಂತರು. ಕನ್ನಡಕ ಹಣೆಗೆ ಏರಿಸಿ, ಅವಳು ಆಗ ತಾನೇ ಎಳೆದ ಗೆರೆಯ ಹತ್ತಿರಕ್ಕೆ ಮುಖ ತಂದು ನೋಡಿದರು. ಎಷ್ಟೋ ಕಾಲದ ಮೇಲೆ ಅವರು ಅವಳ ಕೆಲಸವನ್ನು ಕಣ್ಣಾರೆ ನೋಡುತ್ತಿದ್ದುದು ಅದೇ ಮೊದಲು.

“ಥೂ” ಎಂದರು. “ಇಷ್ಟು ದಿನ ನನ್ನ ಬೋಲ್ಟಿನ ಮೇಲೂ ಹೀಗೇ ಗೀಚ್ತಿದ್ಯಾ?”

ಕೈ ಎತ್ತಿ ಹಗ್ಗ ಎಳೆದರು.

ರಾಗ ಮೊಳಗಿತು, ಇಡೀ ಲೈನು ನಿಂತಿತು. ಗುಯಿಯಿಂಗಳ ತಲೆಯ ಮೇಲೆ ಕೆಂಪು ದೀಪ ಹತ್ತಿತು. ಲಾವ್ ಹಾನ್ ಕಚೇರಿಯಿಂದ ಓಡಿ ಬಂದ, ಶಿಯಾವ್ ತಾನ್ ಅವನ ಹಿಂದೆ, ತೊಂಗ್ ಅವಳ ಹಿಂದೆ.

“ಏನು ತಪ್ಪು ಅಂತ ಕೇಳ್ತಿದ್ದಾರೆ.”

“ಬೋಲ್ಟು ಬಿಗಿಯಾಗಿದೆ. ಗೆರೆ ಸೊಟ್ಟ” ಎಂದರು ಶಿಫು. “ಎಳೆದದ್ದು ನನ್ನ ಶಿಷ್ಯೆ. ನನ್ನ ಶಿಷ್ಯರಲ್ಲೆಲ್ಲ ಇವಳೇ ಒಳ್ಳೆಯವಳು, ಅದಕ್ಕೇ ಹೇಳ್ತಿದ್ದೀನಿ.”

ಮೊದಲು ಚಕ್ರದವರ ಕಡೆಯಿಂದ ಯಾರೋ ನಕ್ಕರು, ಆಮೇಲೆ ಇಡೀ ಶೆಡ್ಡೇ ನಕ್ಕಿತು. ಗುಯಿಯಿಂಗಳಿಗೆ ಮುಖ ಸುಡಬೇಕಾಗಿತ್ತು. ಸುಡಲಿಲ್ಲ. ಅವಳೂ ನಕ್ಕಳು, ನಗುತ್ತಲೇ ಬಗ್ಗಿ ಚೀಲದಿಂದ ಹೂ ತೆಗೆದಳು. ಶಿಫು ಅದನ್ನು ನೋಡಿ ಎದೆ ಮುಂದೆ ಮಾಡಿ ನಿಂತರು. ಅವಳು ಪಿನ್ನು ಚುಚ್ಚಿದಳು.

“ಇದೇನೇ, ಎಲೆಕೋಸಾ?” ಎಂದರು ಅವರು. ಹೊಸ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಲೈನು ನಿಂತೇ ಇತ್ತು. ಜನ ಒಬ್ಬೊಬ್ಬರಾಗಿ ಪಾನಾ ಕೆಳಗಿಟ್ಟು ಬಂದರು. ತೊಂಗ್ ಎಲ್ಲಿಗೋ ಓಡಿಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಧೂಳು ಹಿಡಿದ ಜಾಗಟೆ ಇತ್ತು. ಲಾವ್ ಹಾನ್ ದೀಪವನ್ನು ನೋಡಿ, ಗಡಿಯಾರ ನೋಡಿ, ಗುಯಿಯಿಂಗಳನ್ನು ಏನೋ ಕೇಳಿದ.

“ಗೆರೆ ಸರಿಮಾಡಿ ದೀಪ ಆರಿಸ್ತೀರಾ ಅಂತ” ಎಂದಳು ಶಿಯಾವ್ ತಾನ್.

“ನನ್ನ ಜಾಗ, ನನ್ನ ದೀಪ. ಆರಿಸ್ತೀನಿ ಅಂತ ಹೇಳು. ಸ್ವಲ್ಪ ತಡೆಯೋಕೆ ಹೇಳು.”

ಜಾಗಟೆ ಮುಂದೆ ಹೊರಟಿತು, ಚಿಯಾವ್ ಶಿಫು ಅದರ ಹಿಂದೆ, ಮಿಕ್ಕವರೆಲ್ಲ ಅವರ ಹಿಂದೆ. ಗುಯಿಯಿಂಗ್ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದಳು. ಅವರು ದೊಡ್ಡ ಗೇಟು ದಾಟಿ, ಜಾಗಟೆಯ ಸದ್ದು ಕೇಳದಾದ ಮೇಲೆ ಒಳಗೆ ಬಂದು, ಗೆರೆ ಒರೆಸಿ, ನೆಟ್ಟಗೆ ಒಂದು ಎಳೆದು, ದೀಪ ಆರಿಸಿದಳು.